ಅವಳು ಉತ್ತರಿಸುವಷ್ಟು ಹೊತ್ತು

ಇಬ್ಬರು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ಒಂದು ಚಿಕ್ಕ ಜಾಗ ಇರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೆ. ಯಾರೂ ಅದನ್ನು ಗಮನಿಸುವುದಿಲ್ಲ, ಗಮನಿಸುತ್ತ ಕೂತರೆ ಮಾತಾಡುವುದಕ್ಕೇ ಆಗುವುದಿಲ್ಲ. ನಾನು ಗಮನಿಸುತ್ತೇನೆ. ಧ್ವನಿವಿಜ್ಞಾನ ಓದಿದ ಮೇಲೆ ನನಗೆ ಮದುವೆ ಮನೆಯಲ್ಲಿ ಕೂತರೂ ಮಾತಿಗಿಂತ ಮೊದಲು ಆ ಜಾಗಗಳೇ ಕೇಳಿಸುತ್ತವೆ. ನನ್ನ ಅತ್ತೆ ಹೊನ್ನವ್ವ ಓಣಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು: "ನಮ್ಮ ಸೊಸಿ ಶಿವಲೀಲಾ ಮಂದಿ ಸುಮ್ಮನಿರೋದನ್ನ ಕೇಳಾಕ ಹೋಗ್ತಾಳ. ಅದಕ್ಕೂ ಪಗಾರ ಕೊಡ್ತಾರ ನೋಡ್ರಿ!"

ಆಗ ಮನೆಯಲ್ಲಿ ನಗು ಇತ್ತು. ನನ್ನ ಮಗಳು ಕಸ್ತೂರಿ ಇದ್ದಳು.

ಹೊಸ ಜ್ವರ ಹುಬ್ಬಳ್ಳಿಗೆ ಬಂದ ಮೊದಲ ವಾರಗಳಲ್ಲೇ ಕಸ್ತೂರಿಯನ್ನು ಒಯ್ದರು. ಎರಡನೇ ಇಯತ್ತೆಯ ಹುಡುಗಿ. ಆಂಬುಲೆನ್ಸಿನ ಕಿಟಕಿಯಲ್ಲಿ ಕೂತು ಕೈ ಬೀಸಿದ್ದೇ ಕೊನೆ, ಆಮೇಲೆ ನಮಗೆ ಅವಳ ಮುಖ ತೋರಿಸಲಿಲ್ಲ. ಬಿಳಿ ಬಟ್ಟೆ ತೊಟ್ಟವರು ಊರ ಹೊರಗೆ ಮಣ್ಣು ಮಾಡಿ ಬಂದರು. ಒಂದು ಹಿಡಿ ಮಣ್ಣು ಹಾಕುವುದಕ್ಕೂ ತಂದೆಯನ್ನು ಬಿಡಲಿಲ್ಲ. ಸೋಂಕಿನ ನಿಯಮ ಅದು, ಬಿಡುವ ಹಾಗೂ ಇರಲಿಲ್ಲ. ನಿಯಮ ಸರಿ ಅಂತ ಗೊತ್ತಿದ್ದರೆ ಸಂಕಟ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಜ್ವರದ ಬೆನ್ನಿಗೇ ಇನ್ನೊಂದು ಬಂತು. ಎಂದೂ ತಲೆ ಕೆಡಿಸಿಕೊಳ್ಳದ, ಗಟ್ಟಿಮುಟ್ಟಾದ ಮನುಷ್ಯರಿಗೆ ಇದ್ದಕ್ಕಿದ್ದಂತೆ ಯಾರೋ ಕರೆದ ಹಾಗೆ ಕೇಳುವುದು, ಸತ್ತವರು ಕಣ್ಣಿಗೆ ಕಾಣುವುದು. ಡಾಕ್ಟರರು ಅದಕ್ಕೆ ಅಲ್ಪಕಾಲಿಕ ಚಿತ್ತಭ್ರಮೆ ಎಂದರು, ಜನ ಸಣ್ಣ ಹುಚ್ಚು ಎಂದರು. ನಿದ್ದೆಯಿಲ್ಲದ ಭಯ, ಮುಚ್ಚಿದ ಬಾಗಿಲು, ಮುಖ ನೋಡದೆ ಕಳೆದುಕೊಂಡ ಹೆಣ, ಇವೆಲ್ಲ ಸೇರಿ ಮಿದುಳು ಕೆಲವು ದಿನ ಹಳಿ ತಪ್ಪುತ್ತದೆ. ಆಮೇಲೆ ತಾನಾಗಿ ಸರಿಹೋಗುತ್ತದೆ, ಒಂದು ಗುರುತೂ ಉಳಿಯುವುದಿಲ್ಲ. ಸಮಾಧಾನದ ಸಂಗತಿ ಅದು. ಆದರೆ ಸರಿಹೋಗುವವರೆಗೆ ಮನುಷ್ಯ ಬದುಕಿರಬೇಕಲ್ಲ? ಕರೆದ ದನಿಯ ಬೆನ್ನು ಹತ್ತಿ ಜನ ಮಹಡಿಯಿಂದ ಕೆಳಗೆ ಹಾರಿದರು, ಬಾವಿಗೆ ಇಳಿದರು. ನಮ್ಮ ಓಣಿಯ ಹಿಂದಿನ ರೈಲು ಹಳಿಯ ಮೇಲೇ ಒಬ್ಬ ಮುದುಕಿ ಹೋದಳು. ತಮ್ಮ ಆಚೆ ಕಡೆ ನಿಂತು ಕೈಮಾಡಿ ಕರೆಯುತ್ತಿದ್ದಾನೆ ಅಂದಳಂತೆ. ಊರೆಲ್ಲ ಬಂದ್ ಆಗಿದ್ದರೂ ಗೂಡ್ಸ್ ಗಾಡಿಗಳು ನಿಂತಿರಲಿಲ್ಲ.

ಆ ಕೆಲವು ದಿನ ಜನರನ್ನು ಕಾಯುವುದಕ್ಕೆಂದು ಬಂದದ್ದೇ ಗೋಡೆಕಿವಿ. ಜನ ಇಟ್ಟ ಹೆಸರು ಅದು. ಅಂಗೈಯಗಲದ ಬಿಳಿ ಡಬ್ಬಿ. ಮುಚ್ಚಿದ ಪ್ರತಿ ಮನೆಯ ಗೋಡೆಗೂ ಸರ್ಕಾರ ಒಂದನ್ನು ಹಚ್ಚಿತು. ಅದಕ್ಕೆ ಮಾತಿನ ಅರ್ಥ ಬೇಡ, ಮಾತಿನ ನಡಿಗೆ ಮಾತ್ರ ಬೇಕು. ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಎದುರಿಗೆ ಇನ್ನೊಂದು ದನಿ ಇದೆಯೋ ಇಲ್ಲವೋ. ಎಲ್ಲ ಸರಿಯಿದ್ದರೆ, ಅಥವಾ ಏನೂ ಕೇಳದಿದ್ದರೆ, ನಾನು ಕೆಲಸ ಮಾಡುತ್ತಿದ್ದ ಕಂಟ್ರೋಲ್ ರೂಮಿನ ಹಲಗೆಯ ಮೇಲೆ ಆ ಮನೆಯ ಹೆಸರಿನ ಮುಂದೆ ಹಸಿರು ದೀಪ, ಸಂಶಯ ಬಂದರೆ ಕೆಂಪು. ಕೆಂಪಾದರೆ ನಮ್ಮಲ್ಲೊಬ್ಬರು ಕೇಳಬೇಕು, ಹೌದೆನಿಸಿದರೆ ಗಾಡಿ ಕಳಿಸಬೇಕು. ಡಬ್ಬಿಗೆ ಬಾಯಿಯೂ ಇತ್ತು. ಮುಂಜಾನೆ ಮುಂಜಾನೆ ಅದು "ಕೈ ತೊಳೆಯಿರಿ, ನೀರು ಕುಡಿಯಿರಿ" ಎಂದು ಉಪದೇಶ ಮಾಡುತ್ತಿತ್ತು. ಹೊನ್ನವ್ವ "ನಿನಗೇನು ಗೊತ್ತಲೇ, ನಳ ಬಿಟ್ಟು ಎಂಟು ದಿನಾತು" ಎಂದು ಅದಕ್ಕೆ ಬೈಯುತ್ತಿದ್ದಳು.

ಯಂತ್ರವನ್ನು ಮಾಡಿದವರು ನಮ್ಮ ಕಡೆಯವರಲ್ಲ. ಇಲ್ಲದವರೊಂದಿಗೆ ಮಾತಾಡುವವರೆಲ್ಲ ರೋಗಿಗಳು ಎಂದು ಅದಕ್ಕೆ ಕಲಿಸಿದ್ದರು. ನಮ್ಮಲ್ಲಿ ಸಾವಾದರೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಸತ್ತವನನ್ನು ಎದುರಿಗೆ ಕೂಡಿಸಿಕೊಂಡವರ ಹಾಗೆ ಕೇಳುತ್ತಾರೆ: ಎಲ್ಲಿಗೆ ಹೊಂಟಿ, ರೊಟ್ಟಿ ಯಾರಿಗೆ ಬಡೀಲಿ, ಹೇಳದ ಹೊಂಟ್ಯಲ್ಲೋ ಎಂದು. ಪಕ್ಕದ ಮನೆಯ ನಿಂಗವ್ವ ಗಂಡನನ್ನು ಕಳೆದುಕೊಂಡು ಹೀಗೆ ಅಳುತ್ತಿದ್ದಾಗ ಗಾಡಿ ಬಂತು. ಸೂಜಿ ಚುಚ್ಚಿ ಎತ್ತಿಕೊಂಡು ಹೋದರು. ತಿರುಗಿ ಬಂದ ನಿಂಗವ್ವ ಹೊಸ್ತಿಲಲ್ಲಿ ಕೂತು ಗೋಡೆ ನೋಡುತ್ತಿದ್ದಳು, ಅಳುತ್ತಿರಲಿಲ್ಲ. ಅಂದಿನಿಂದ ಓಣಿಯ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ಅಳುವುದಕ್ಕೆ ಕಲಿತರು.

ನನಗೆ ಸಿಟ್ಟು ಬಂತು. ನಿಜವಾಗಿ ಬಂತು. ನಮ್ಮ ಕಂಟ್ರೋಲ್ ರೂಮಿನ ಮನೋವೈದ್ಯ ಡಾಕ್ಟರ್ ಮುಜಾವರರನ್ನು ಪಕ್ಕಕ್ಕೆ ಕೂಡಿಸಿಕೊಂಡು ಅಳುವವರನ್ನೂ ಭ್ರಮೆಯವರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ಕೇಳಿದೆ. ಕೇಳುತ್ತ ಕೇಳುತ್ತ ಸಿಕ್ಕಿತು. ಅಳುವ ಹೆಂಗಸು ಪ್ರಶ್ನೆ ಕೇಳುತ್ತಾಳೆ, ಉಸಿರು ಎಳೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾಳೆ. ಭ್ರಮೆಯಲ್ಲಿರುವವರು ಪ್ರಶ್ನೆ ಕೇಳಿ ನಿಲ್ಲುತ್ತಾರೆ. ಹೌದು ಅಲ್ಲ ಎನ್ನುವ ಪ್ರಶ್ನೆಯಾದರೆ ಸ್ವಲ್ಪ ಹೊತ್ತು, ಕಥೆ ಹೇಳಬೇಕಾದ ಪ್ರಶ್ನೆಯಾದರೆ ಬಹಳ ಹೊತ್ತು. ಎದುರಿಗಿದ್ದವರು ಉತ್ತರಿಸುವಷ್ಟು ಜಾಗ ಬಿಡುತ್ತಾರೆ.

ಮುಜಾವರರು ಕಿವಿಯಿಂದ ಹೆಡ್‌ಫೋನ್ ತೆಗೆದಿಟ್ಟರು. "ಶಿವಲೀಲಾ, ದುಃಖಕ್ಕೂ ಹುಚ್ಚಿಗೂ ನಡುವ ಇಷ್ಟಽ ಐತೇನ್ರಿ?" ಎಂದರು.

"ಇಷ್ಟಽ ಐತ್ರಿ ಸರ್," ಎಂದೆ. ನಾವು ಯಂತ್ರಕ್ಕೆ ಆ ಜಾಗವನ್ನು ಅಳೆಯಲು ಕಲಿಸಿದೆವು. ಸುಳ್ಳು ಕೆಂಪು ದೀಪಗಳು ನಿಂತವು. ಮೇಲಿನವರಿಂದ ಶಹಬ್ಬಾಸ್ ಬಂತು. ಅಳುವುದು ಈಗ ತಪ್ಪಲ್ಲ ಎಂದು ಮಾತ್ರ ಯಾರೂ ಓಣಿಗೆ ಹೋಗಿ ಹೇಳಲಿಲ್ಲ.

ಇನ್ನು ನನ್ನ ಗಂಡ. ಫಕೀರಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಕಾಲೇಜಿಗೆ ಹೋಗುವಾಗ ದಿನಾ ತಡವಾಗಿ ಓಡಿ ಬರುತ್ತಿದ್ದ ನನಗಾಗಿ ಅವನು ದಿನಾ ಬಸ್ಸು ನಿಲ್ಲಿಸುತ್ತಿದ್ದ. ಡ್ರೈವರ್ ಗೊಣಗಿದರೆ "ತಡೀಪಾ, ಹೆಣ್ಮಗಳು ಓಡಿ ಬರಾಕತ್ತಾಳ" ಎನ್ನುವನು. ನಮ್ಮ ಮದುವೆಗೆ ಅದೇ ಪೀಠಿಕೆ. ಕಸ್ತೂರಿ ಹುಟ್ಟಿದ ಮೇಲೆ ಬಸ್ಸು ಮನೆಗೇ ಬಂತು. ಸಂಜೆ ಅವನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಅವಳು ಕಟ್ಟೆಯ ಮೇಲೆ ಸೀಟು ಹಿಡಿದು ಕೂತಿರುತ್ತಿದ್ದಳು. "ಎಲ್ಲಿಗವ್ವಾ?" ಎಂದು ಅವನು ಕೇಳುವುದು, ಒಂದು ದಿನ "ನವಲಗುಂದಕ್ಕ", ಒಂದು ದಿನ "ಲಕ್ಷ್ಮೇಶ್ವರಕ್ಕ", ಒಂದು ದಿನ "ಚಂದಪ್ಪನ ಮನಿಗೆ" ಎಂದು ಅವಳು ಹೇಳುವುದು. ಪ್ರತಿ ಊರಿಗೂ ಅವನು ಒಂದು ಟಿಕೀಟು ಹರಿದು ಕೊಡುವುದು, ಸೀಟಿ ಊದಿ "ರೈಟ್!" ಎನ್ನುವುದು. ಅಡುಗೆ ಆರಿ ತಣ್ಣಗಾದರೂ ಇವರ ಬಸ್ಸು ಊರು ಮುಟ್ಟುತ್ತಿರಲಿಲ್ಲ.

ಅವಳು ಹೋದ ಮೇಲೆ ಅವನು ಅಳಲಿಲ್ಲ. ಗಂಡಸು ಹಾಡ್ಯಾಡಿ ಅಳುವುದು ನಮ್ಮಲ್ಲಿ ಇಲ್ಲ. ಬಸ್ಸುಗಳೂ ನಿಂತಿದ್ದವು, ಮನೆಯಲ್ಲಿ ಕೂತ, ಮಾತು ಬಿಟ್ಟ. ನಾನು ಕೆಲಸಕ್ಕೆ ಹೋದೆ. ಮನೆಯಲ್ಲಿದ್ದರೆ ಬಾಗಿಲ ಹಿಂದಿನ ಅವಳ ಚಪ್ಪಲಿ ಕಣ್ಣಿಗೆ ಬೀಳುತ್ತಿತ್ತು, ಅದಕ್ಕೇ ಹೋದೆ. ಕಂಟ್ರೋಲ್ ರೂಮಿನವರು ಸೋಂಕಿನ ಭಯಕ್ಕೆ ಅಲ್ಲೇ ಉಳಿಯಬೇಕಿತ್ತು. ದಿನಕ್ಕೊಮ್ಮೆ ಅತ್ತೆ ಫೋನು ಮಾಡುತ್ತಿದ್ದಳು, ಉಳಿದ ಹೊತ್ತು ಹಲಗೆಯ ಮೇಲೆ ನಮ್ಮ ಮನೆಯ ಹಸಿರು ದೀಪ ನೋಡಿಕೊಂಡು ಇರುತ್ತಿದ್ದೆ.

ಆ ಮಧ್ಯಾಹ್ನ ಹೊನ್ನವ್ವನ ದನಿಯಲ್ಲಿ ಹುರುಪಿತ್ತು.

"ಶಿವಲೀಲಾ, ಚಲೋ ಸುದ್ದಿ ಕೇಳು. ನಿನ್ನ ಗಂಡ ಬಾಯಿ ಬಿಟ್ಟ! ಮುಂಜಾನಿಂದ ಕಸ್ತೂರೀನ ನೆನಸಿ ಮಾತಾಡಾಕತ್ತಾನ. ಒಳಗಽ ಇಟಗೊಂಡು ಎದಿ ಒಡಕೋತಾನಂತ ನಾ ಹೆದರಿದ್ದೆ. ಇನ್ನ ಹಗರಾಗತಾನ ಬಿಡು."

"ಏನಂತಾರತ್ತಿ?"

"ಎಲ್ಲಿಗವ್ವಾ ಅಂತಾನ, ಕಿಡಕಿ ಹಂತೇಕ ಕುಂಡ್ರು ಅಂತಾನ. ಅದಽ ನಿಮ್ಮ ಬಸ್ಸಿನಾಟ."

"ಅಳಾಕತ್ತಾರೇನು?"

ಹೊನ್ನವ್ವ ಸ್ವಲ್ಪ ಯೋಚಿಸಿದಳು. "ಇಲ್ಲ ನೋಡು. ನಗಾಕತ್ತಾನ."

"ಅತ್ತಿ, ಎಲ್ಲಿಗವ್ವಾ ಅಂದಮ್ಯಾಲ ಸುಮ್ಮನ ನಿಂದರತಾರೇನು? ನಿಂತು, ಆಮ್ಯಾಲ ಮತ್ತ ಮಾತಾಡತಾರೇನು?"

"ಹೂಂ. ಕೇಳಿಸಿಕೊಂಡವರಂಗ ನಿಂದರತಾನ. ಅದಕ್ಕೇನಾತು?"

ಹಲಗೆ ನೋಡಿದೆ. ನಮ್ಮ ಮನೆಯ ದೀಪ ಹಸಿರಾಗಿಯೇ ಇತ್ತು. ನಾನೇ ಕಲಿಸಿದ ಯಂತ್ರ, ನನ್ನ ಮನೆಯಲ್ಲೇ ಸುಮ್ಮನಿದೆ. "ಗೋಡೆಕಿವಿಗೆ ಏನು ಮಾಡೀರತ್ತಿ?" ಎಂದೆ.

ಅವಳ ದನಿ ಸಣ್ಣದಾಯಿತು. "ಕೌದಿ ಹೊಚ್ಚೀನಿ. ಕಸ್ತೂರಿ ತೊಟ್ಟಲದ್ದು. ಓಣ್ಯಾಗ ಎಲ್ಲಾರೂ ಹೊಚ್ಚ್ಯಾರ. ನಿಂಗವ್ವನ್ನ ಒಯ್ದಂಗ ನನ್ನ ಮಗನ್ನೂ ಒಯ್ಲೇನು? ಮೊಮ್ಮಗಳನ್ನ ಒಯ್ದ್ರು, ಬರಲಿಲ್ಲ."

"ತಗೀರಿ ಅತ್ತಿ. ನಿಮ್ಮ ಕಾಲಿಗೆ ಬೀಳ್ತೀನಿ, ತಗೀರಿ."

"ನಾ ತಗಿಯೂದಿಲ್ಲ. ಅಳಾಕೂ ಸರ್ಕಾರದ ಪರವಾನಗಿ ಬೇಕೇನು? ಅತ್ತು ಹಗರಾಗಲಿ ಅವ."

ಬೈಯಬೇಕೆನಿಸಿತು. ಬೈದು ಪ್ರಯೋಜನವಿರಲಿಲ್ಲ, ಅವಳು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. "ಅತ್ತಿ," ಎಂದೆ, "ಮಾವ ಹೋದಾಗ ನೀವು ಹಾಡ್ಯಾಡಿ ಅತ್ತಿರಿ. ಎಷ್ಟ ಪ್ರಶ್ನೆ ಕೇಳಿದ್ರಿ ಅವರಿಗೆ! ಒಂದಕ್ಕರೆ ಉತ್ತರ ಬರತೈತಂತ ಕಾಯ್ಕೊಂಡು ಸುಮ್ಮನ ಕುಂತಿದ್ರೇನು?"

ಫೋನಿನಲ್ಲಿ ಅವಳ ಉಸಿರು ಕೇಳುತ್ತಿತ್ತು. ಹಿಂದೆ, ದೂರದಲ್ಲಿ, ಫಕೀರಪ್ಪ ಯಾರಿಗೋ ಏನೋ ಹೇಳಿ ನಕ್ಕ.

"ಇಲ್ಲವಾ," ಎಂದಳು ಹೊನ್ನವ್ವ. "ಬರೂದಿಲ್ಲಂತ ಗೊತ್ತಿದ್ದಽ ಕೇಳಿದ್ದೆ." ಆಮೇಲೆ ಬಟ್ಟೆ ಜಗ್ಗಿದ ಸದ್ದು. ಹಲಗೆಯ ಮೇಲೆ ನಮ್ಮ ಮನೆಯ ದೀಪ ಕೆಂಪಾಯಿತು.

ಹೆಡ್‌ಫೋನ್ ಹಾಕಿಕೊಂಡೆ. ಸ್ವಂತ ಮನೆಯನ್ನು ಕೇಳಬಾರದೆಂಬ ನಿಯಮವಿತ್ತು. ಮುಜಾವರರು ನೋಡಿಯೂ ತಡೆಯಲಿಲ್ಲ. ಫಕೀರಪ್ಪನ ದನಿ ಅಷ್ಟು ತಿಳಿಯಾಗಿದ್ದುದನ್ನು ನಾನು ಕೇಳಿ ಎಷ್ಟು ದಿನವಾಗಿತ್ತೋ.

"ಎಲ್ಲಿಗವ್ವಾ?"

ಜಾಗ.

"ಅಷ್ಟು ದೂರ? ಒಬ್ಬಾಕೀನಽ?"

ಜಾಗ. ಈ ಸಲ ಉದ್ದದ್ದು. ಅವಳು ಏನೋ ಕಥೆ ಹೇಳುತ್ತಿದ್ದಿರಬೇಕು, ನಡುವೆ ಅವನು ಎರಡು ಸಲ ಹೂಂಗುಟ್ಟಿದ.

"ಆತು ಆತು, ನಾನೂ ಬರತೀನಿ. ಬಸ್ಸು ಇಲ್ಲಿಗೆ ಬರೂದಿಲ್ಲವ್ವಾ, ಹಳಿ ದಾಟಿ ಹೋಗಬೇಕು. ಕೈ ಹಿಡಕೋ." ಆಮೇಲೆ ಅಗಳಿ ತೆಗೆದ ಸದ್ದು. ಹೊನ್ನವ್ವನ ಕೈಗೆ ಅವನು ನಿಲ್ಲುವವನಲ್ಲ.

ಹಳಿ! ಮುಜಾವರರು ಆಗಲೇ ಗಾಡಿಗೆ ಹೇಳಿ ಎದ್ದು ನಿಂತಿದ್ದರು. "ಡಬ್ಬ್ಯಾಗಿಂದ ಮಾತಾಡ್ರಿ," ಎಂದರು. "ಗಾಡಿ ಮುಟ್ಟೂತನಾ ಹಿಡಕೊಂಡಿರ್ರಿ. ಆದರ ಮಗಳಾಗಿ ಮಾತ್ರ ಮಾತಾಡಬ್ಯಾಡ್ರಿ. ಅವರಿಗೆ ಆರಾಮಾದ ಮ್ಯಾಲ ಅದನ್ನ ತಡಕೊಳ್ಳಾಕ ಆಗೂದಿಲ್ಲ. ನಿಮಗೂ ಆಗೂದಿಲ್ಲ."

ಡಬ್ಬಿಯ ಬಾಯನ್ನು ನನ್ನ ಮೊಬೈಲಿಗೆ ಜೋಡಿಸಿಕೊಂಡು ಮೆಟ್ಟಿಲಿಳಿದೆ. ಏನು ಹೇಳುವುದು? ಮಗಳು ಸತ್ತಿದ್ದಾಳೆ ಎಂದರೆ ಅವನು ನಂಬುವುದಿಲ್ಲ, ಕೈಯಲ್ಲಿ ಅವಳ ಕೈ ಇದೆ. ಹೋಗಬೇಡ ಎಂದರೆ ಕೇಳುವುದಿಲ್ಲ, ಅವಳು ಹೊರಟು ನಿಂತಿದ್ದಾಳೆ. ಗಾಡಿಯ ಬಾಗಿಲು ಹಾಕಿಕೊಳ್ಳುತ್ತಿದ್ದಾಗ ಬಾಯಿಗೆ ತಾನಾಗಿ ಬಂತು.

"ಕಂಡಕ್ಟರ್ ಸಾಹೇಬರ! ತಡೀರಿ, ತಡೀರಿ! ಹೆಣ್ಮಗಳು ಓಡಿ ಬರಾಕತ್ತೀನಿ. ಬಸ್ ಬಿಡಬ್ಯಾಡ್ರಿ!"

ಹೆಜ್ಜೆಯ ಸದ್ದು ನಿಂತಿತು.

"ಯಾರದು?" ಎಂದ.

"ನಾನ್ರಿ, ಕಾಲೇಜಿನಾಕಿ. ಇವತ್ತೂ ತಡ ಆತು."

ಅವನು ನಕ್ಕ. "ದಿನಾ ಇದಽ ಹಾಡು ನಿಂದು. ಲಗೂ ಬಾ." ಆಮೇಲೆ ಪಕ್ಕಕ್ಕೆ ತಿರುಗಿ, "ತಡಿಯವ್ವಾ, ಒಬ್ಬಾಕಿ ಬರೂದೈತಿ. ಬಿಟ್ಟ ಹೋಗಬಾರದು," ಎಂದ. ಜಾಗ. "ಹೌದು, ಅವಳಽ," ಎಂದ.

ದಾರಿಯುದ್ದಕ್ಕೂ ನಾನು ಓಡಿ ಬರುತ್ತಲೇ ಇದ್ದೆ. ಚಪ್ಪಲಿ ಕಿತ್ತಿತು ಎಂದೆ, ಪುಸ್ತಕ ಬಿತ್ತು ಎಂದೆ, ಇಗೋ ಮೂಲೆ ತಿರುಗಿದೆ ಎಂದೆ. ಪ್ರತಿಯೊಂದಕ್ಕೂ ಅವನು ತಡೆದ. ಒಮ್ಮೆ ಗೂಡ್ಸ್ ಗಾಡಿ ಹಾದುಹೋದ ಸದ್ದು ಅವನ ಮಾತನ್ನು ನುಂಗಿತು. ಸದ್ದು ಹಾದ ಮೇಲೆ ಅವನು ಅಲ್ಲೇ ಹೊಸ್ತಿಲಲ್ಲಿ ನಿಂತು ಮಗಳಿಗೆ ಸಮಾಧಾನ ಹೇಳುತ್ತಿದ್ದ. ಓಡಿ ಬರುವವರನ್ನು ಬಿಟ್ಟು ಬಸ್ಸು ಹೊರಡಿಸಿದವನಲ್ಲ ಅವನು, ಚಿತ್ತ ಕೆಟ್ಟಾಗಲೂ ಹೊರಡಿಸಲಿಲ್ಲ.

ಓಣಿಯೊಳಗೆ ಗಾಡಿ ಹೋಗುವುದಿಲ್ಲ. ತುದಿಯಲ್ಲಿ ಇಳಿದು ಈಗ ನಿಜವಾಗಿ ಓಡಿದೆ. ಬಾಗಿಲಲ್ಲಿ ಫಕೀರಪ್ಪ ಖಾಕಿ ಅಂಗಿ ತೊಟ್ಟು ನಿಂತಿದ್ದ. ಒಂದು ಕೈ ಕೆಳಗೆ ಚಾಚಿತ್ತು, ಚಿಕ್ಕವರ ಕೈ ಹಿಡಿದಷ್ಟು ಎತ್ತರದಲ್ಲಿ. ಇನ್ನೊಂದು ಕೈಯನ್ನು ನನಗೆ ನೀಡಿದ. ಹಿಡಿದುಕೊಂಡೆ. ಅವನ ಮುಖದಲ್ಲಿ ಇದ್ದ ಸಂತೋಷವನ್ನು ನಾನು ಮರೆಯಲಾರೆ.

"ನೋಡವ್ವಾ, ನಿಮ್ಮವ್ವ ಬಂದ್ಲು. ಹೇಳಿರಲಿಲ್ಲೇನು?" ಎಂದು ಕೆಳಗೆ ಬಾಗಿ ಹೇಳಿದ. ಸುಮ್ಮನಾದ. ಅವಳು ಉತ್ತರಿಸಿದಳು, ಅವನ ಕಣ್ಣು ತುಂಬಿ ಬಂತು. ನನ್ನ ಕಡೆ ನೋಡಿ, "ಕೇಳಿದ್ಯಾ?" ಎಂದ.

ಜಗತ್ತಿನಲ್ಲಿ ಯಾರಿಗೂ ಕೇಳಿಸದ ಜಾಗಗಳನ್ನು ಕೇಳುವವಳು ನಾನು. ನನಗೆ ಏನೂ ಕೇಳಲಿಲ್ಲ. "ಏನಂದ್ಲು?" ಎಂದು ಬಾಯಿಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದೆ. ಹಿಂದಿನಿಂದ ಬಂದ ಮುಜಾವರರು ಅವನ ಹೆಗಲ ಮೇಲೆ ಕೈಯಿಟ್ಟರು. ಸೂಜಿ ಚುಚ್ಚಿದಾಗ ಅವನು ತಡೆಯಲಿಲ್ಲ. ಮೈ ಸಡಿಲವಾಗಿ ಕುಸಿಯುವಾಗಲೂ ಕೆಳಗೆ ಚಾಚಿದ ಆ ಕೈಯನ್ನು ಮಾತ್ರ ಮುಷ್ಟಿ ಮಾಡಿಕೊಂಡಿದ್ದ. ವಾರ್ಡಿನಲ್ಲಿ ನರ್ಸ್ ಅದನ್ನು ಬಿಡಿಸಬೇಕಾಯಿತು.

ಭ್ರಮೆ ಬಿಟ್ಟುಹೋಯಿತು, ಬಿಟ್ಟುಹೋಗುತ್ತದೆ ಎಂದು ಪುಸ್ತಕದಲ್ಲಿ ಇರುವ ಹಾಗೆಯೇ. ಒಂದು ಮುಂಜಾನೆ ಫಕೀರಪ್ಪ ಕಣ್ಣು ಬಿಟ್ಟು ನನ್ನನ್ನು ನೋಡಿ, "ಕಸ್ತೂರಿ ಇಲ್ಲಲ್ಲ?" ಎಂದ. ಪ್ರಶ್ನೆಯ ಹಾಗೆ ಕೇಳಿದರೂ ಪ್ರಶ್ನೆಯಲ್ಲ. "ಇಲ್ರಿ," ಎಂದೆ. ಮುಜಾವರರು ಬಂದು ನಾಡಿ ಹಿಡಿದು ಸಂತೋಷಪಟ್ಟರು. ಅವನು ಗೋಡೆಯ ಕಡೆ ಹೊರಳಿ ಮಲಗಿದ. ಮೊದಲ ಸಲ ಮಗಳು ಸತ್ತಾಗ ಅವನು ಎದುರಿಗಿರಲಿಲ್ಲ. ಈ ಸಲ ಅವನ ಕೈಯಿಂದಲೇ ಹೋದಳು, ಹೋಗುವಂತೆ ಮಾಡಿದವರು ನಾವು. ಇದನ್ನು ತಪ್ಪು ಎನ್ನಲಾರೆ. ಆದರೆ ಸರಿ ಎನ್ನುವಾಗ ನಾಲಿಗೆ ಏಳುವುದಿಲ್ಲ.

ನಾನು ರಜೆ ಹಾಕಿ ಅವನನ್ನು ಮನೆಗೆ ಕರೆತಂದೆ. ಬಂದ ಮೇಲೆ ಅವನು ಒಂದೇ ಮಾತು ಹಿಡಿದ. "ಆಕಿ ಎಲ್ಲಿಗೆ ಟಿಕೀಟು ಕೇಳಿದ್ಲು? ನನಗ ನೆನಪಽ ಆಗವಲ್ದು. ನಾ ಕೊಟ್ಟೆ, ಹರದು ಕೊಟ್ಟೆ. ಊರಿನ ಹೆಸರು ಹೋಗಿಬಿಟ್ಟೈತಿ. ನಿಮ್ಮ ಡಬ್ಬ್ಯಾಗ ಇರತೈತಲ್ಲ, ಹಚ್ಚು."

ಗುಣವಾದವರ ಧ್ವನಿಯನ್ನು ಅಳಿಸಿಹಾಕಬೇಕು. ಅಳಿಸುವ ಮುನ್ನ ಮುಜಾವರರು ಒಮ್ಮೆ ಕೇಳಿಸಲು ಒಪ್ಪಿದರು. ನಡುಮನೆಯಲ್ಲಿ ಕೂತು ಮೊಬೈಲಿನಲ್ಲಿ ಹಚ್ಚಿದೆ. ಹೊನ್ನವ್ವ ಆ ತೊಟ್ಟಿಲ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಒರಗಿದ್ದಳು.

"ಎಲ್ಲಿಗವ್ವಾ?" ಎಂದಿತು ಅವನದೇ ದನಿ.

ಅವನು ಮುಂದೆ ಬಾಗಿದ. ಕಣ್ಣು ಮುಚ್ಚಿಕೊಂಡ. ಜಾಗ ಬಂತು, ಹೋಯಿತು. "ಅಷ್ಟು ದೂರ? ಒಬ್ಬಾಕೀನಽ?"

"ಹಿಂದ ತಗೊ," ಎಂದ. ಹಿಂದಕ್ಕೆ ಕೊಂಡೊಯ್ದು ಮತ್ತೆ ಹಚ್ಚಿದೆ. ಮತ್ತೆ. ಒಂದು ಸಲ ಕಿವಿಯನ್ನೇ ಮೊಬೈಲಿಗೆ ಹಚ್ಚಿ ಕೇಳಿದ. ಫ್ಯಾನಿನ ಸದ್ದು ಇತ್ತು, ದೂರದಲ್ಲಿ ಒಂದು ನಾಯಿ.

"ನೀ ಹೇಳು," ಎಂದ. "ಇದನ್ನಽ ಓದಿದಾಕಿ ನೀನು. ಇಷ್ಟು ಹೊತ್ತಿನ್ಯಾಗ ಯಾವ ಊರು ಹೇಳಾಕ ಬರತೈತಿ?"

ನವಲಗುಂದ ಎನ್ನಬಹುದಿತ್ತು. ಲಕ್ಷ್ಮೇಶ್ವರ ಎನ್ನಬಹುದಿತ್ತು, ಅಳತೆಗೆ ಎರಡೂ ಕೂಡುತ್ತಿದ್ದವು. ಸುಳ್ಳು ಹೇಳಿದ್ದರೆ ಅವನು ನಂಬುತ್ತಿದ್ದ. "ಗೊತ್ತಾಗವಲ್ದ್ರಿ," ಎಂದೆ.

ಅವನು ಮೊಬೈಲನ್ನು ನನ್ನ ಕೈಗೆ ಕೊಟ್ಟು, ಎದ್ದು ಹೋಗಿ ಕಟ್ಟೆಯ ಮೇಲೆ ಅವಳ ಸೀಟಿನ ಪಕ್ಕ ಕೂತ. "ಎಲ್ಲಿಗವ್ವಾ," ಎಂದ. ನನಗೆ ಬೇಡವೆಂದರೂ ಕಿವಿ ಅಳೆಯತೊಡಗಿತು. "ಎಲ್ಲಿಗೆ ಹೋದಿ ನನ್ನವ್ವಾ, ಟಿಕೀಟು ತಗೊಂಡು ಒಬ್ಬಾಕೀನಽ ಯಾವೂರಿಗೆ ಹೋದಿ, ಒಂದ ಹಿಡಿ ಮಣ್ಣರ ನನ್ನ ಕೈಲೆ ಹಾಕಿಸಿಕೊಳ್ಳದ ಹ್ಯಾಂಗ ಹೋದಿ ನನ್ನ ಕೂಸಽ..."

ಉಸಿರು ಎಳೆದುಕೊಂಡ, ಮುಂದಕ್ಕೆ ಹೋದ. ಎಲ್ಲಿಯೂ ನಿಲ್ಲಲಿಲ್ಲ. ಯಾವ ಪ್ರಶ್ನೆಗೂ ಜಾಗ ಬಿಡಲಿಲ್ಲ. ಹೊನ್ನವ್ವ ಎದ್ದು ಹೋಗಿ ಮಗನ ಪಕ್ಕ ಕೂತು, ಇಷ್ಟು ದಿನ ಸೆರಗಿನಲ್ಲಿ ತುರುಕಿದ್ದ ದನಿಯನ್ನು ಬಿಟ್ಟು ತಾನೂ ಹಾಡ್ಯಾಡತೊಡಗಿದಳು. ಪಕ್ಕದ ಹೊಸ್ತಿಲಲ್ಲಿ ಗೋಡೆ ನೋಡುತ್ತಿದ್ದ ನಿಂಗವ್ವ ಮೆಲ್ಲಗೆ ತಲೆಯೆತ್ತಿದಳು.

ಗೋಡೆಯ ಮೇಲೆ ಡಬ್ಬಿ ತೆರೆದೇ ಇತ್ತು, ಎಲ್ಲ ಕೇಳುತ್ತಿತ್ತು. ಕಂಟ್ರೋಲ್ ರೂಮಿನಿಂದ ಮುಜಾವರರು ಫೋನು ಮಾಡಿದರು. "ನಿಮ್ಮ ಮನಿ ದೀಪ ಹಸರೈತ್ರಿ ಶಿವಲೀಲಾ. ಪೂರ್ತಿ ಆರಾಮಾಗ್ಯಾರ."

"ಹೌದ್ರಿ ಸರ್," ಎಂದು ಫೋನು ಇಟ್ಟೆ. ಬಾಗಿಲ ಹಿಂದೆ ಕಸ್ತೂರಿಯ ಚಪ್ಪಲಿ ಇದ್ದವು. ಎತ್ತಿ ಎದೆಗೊತ್ತಿಕೊಂಡು, ಮೊದಲ ಸಲ ಅಳಲು ಬಾಯಿ ಬಿಟ್ಟೆ. "ಎಲ್ಲಿಗವ್ವಾ?" ಎಂದೆ.

ಮುಂದಿನ ಮಾತಿಗೆ ಹೋಗಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೋಗಲಿಲ್ಲ. ಗೋಡೆಯ ಡಬ್ಬಿ ಕೇಳುತ್ತಿದ್ದರೂ, ಅವಳು ಉತ್ತರಿಸುವಷ್ಟು ಹೊತ್ತು ಸುಮ್ಮನೆ ನಿಂತೆ.